ಬಂಟ್ವಾಳ ಪೇಟೆಯಲ್ಲಿ ಇನ್ವರ್ನೆಸ್ಸಿನ ಜೈಲು

ಹುಕ್ರಪ್ಪನ ಚಾ ನೀರಾಗಿತ್ತು. ಎಲ್ಲ ಅನರ್ಥಕ್ಕೂ ಅದೇ ಮೂಲ.

ನೇತ್ರಾವತಿಯ ದೋಣಿ ಕಡವಿನಿಂದ ಬಂಟ್ವಾಳ ಪೇಟೆಗೆ ಹತ್ತುವ ದಾರಿಯಲ್ಲಿ ಹುಕ್ರಪ್ಪನದೊಂದು ಚಾದಂಗಡಿ. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ಒಂದು ದಿನ ಬೆಳಗ್ಗೆ ಹಾಲಿನವನು ಬರಲಿಲ್ಲ. ಇದ್ದ ಚೂರು ಹಾಲಿನಲ್ಲಿಯೇ ಹುಕ್ರಪ್ಪ ಊರಿಗೆಲ್ಲ ಚಾ ಮಾಡಿದ. ಕೊಬ್ಬರಿ ವ್ಯಾಪಾರದ ಹನೀಫಾ ಒಂದು ಗುಟುಕು ಕುಡಿದು ಲೋಟವನ್ನು ಬೆಳಕಿಗೆ ಎತ್ತಿ ಹಿಡಿದ.

"ಹುಕ್ರಪ್ಪಣ್ಣ, ಇದರಲ್ಲಿ ನೋಡಿದ್ರೆ ಆಚೆ ದಡ ಕಾಣ್ತದೆ ಮಾರಾಯ್ರೆ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮನುಷ್ಯನಿಗೆ ಮರ್ಯಾದೆ ಎಂಬುದೊಂದು ಉಂಟಲ್ಲ? ಹುಕ್ರಪ್ಪ ಸೌಟನ್ನು ಗಂಭೀರವಾಗಿ ಕೆಳಗಿಟ್ಟು ಹೇಳಿದ: "ಇನ್ವರ್ನೆಸ್ಸಿನಲ್ಲಿ ಹೀಗೆಯೇ ಕುಡಿಯುವುದು."

"ಎಲ್ಲಿ?"

"ಇನ್ವರ್ನೆಸ್. ಸ್ಕಾಟ್ಲೆಂಡು. ನಮ್ಮ ಹಾಗೆಯೇ ಹೊಳೆ ಬದಿಯ ಊರು."

"ನೀವು ಅಲ್ಲಿಗೆ ಹೋಗಿದ್ರಾ?"

ಈ ಪ್ರಶ್ನೆಗೆ ಹುಕ್ರಪ್ಪ ಸತ್ಯವನ್ನೇ ಹೇಳುವವನಿದ್ದ. ಅಷ್ಟರಲ್ಲಿ ಗೋಳಿಬಜೆಯ ಎಣ್ಣೆ ಹೊಗೆಯಾಡಿತು. ಅವನು ಒಳಗೆ ಓಡಿದ. ಬಾಣಲೆ ಇಳಿಸಿ ಹೊರಗೆ ಬರುವಾಗ ಪ್ರಶ್ನೆ ಮುಗಿದುಹೋಗಿತ್ತು. ಹನೀಫಾ ಪಕ್ಕದವನಿಗೆ, "ಜನ ಎಲ್ಲೆಲ್ಲಿಗೆ ಹೋಗಿ ಬಂದು ಸುಮ್ಮನೆ ಚಾ ಮಾಡ್ತಾರೆ ನೋಡು" ಎಂದು ಹೇಳುತ್ತಿದ್ದ. ಆದ್ದರಿಂದ ಹುಕ್ರಪ್ಪನನ್ನು ಯಾರೂ ಸುಳ್ಳುಗಾರ ಎನ್ನಬಾರದು. ಸತ್ಯ ಹೇಳಲು ಅವನಿಗೆ ಸಮಯ ಸಿಗಲಿಲ್ಲ, ಅಷ್ಟೇ.

ನಿಜ ಏನೆಂದರೆ, ಹುಕ್ರಪ್ಪ ಬೊಂಬಾಯಿಯ ಆಚೆಗೆ ಕಾಲಿಟ್ಟವನಲ್ಲ. ಅಲ್ಲಿ ಮೆಕೆಂಜಿ ಎಂಬ ಹಡಗಿನ ಇಂಜಿನಿಯರ್ ಸಾಹೇಬರಿಗೆ ಅಡಿಗೆ ಮಾಡಿಕೊಂಡಿದ್ದ. ಸಾಹೇಬರ ಹುಟ್ಟೂರು ಇನ್ವರ್ನೆಸ್. ಸಂಜೆ ಒಂದು ಗ್ಲಾಸು ಒಳಗೆ ಹೋದರೆ ಸಾಕು, ಸಾಹೇಬರು ಊಟದ ಮೇಜಿನ ಮೇಲೆ ತಮ್ಮ ಊರನ್ನು ಕಟ್ಟುತ್ತಿದ್ದರು. ಮೇಜಿನ ನಡುವೆ ಉದ್ದಕ್ಕೆ ಹಾಸಿದ ಕೈವಸ್ತ್ರ ನದಿ. ಅದರ ಮೇಲೆ ಅಡ್ಡ ಇಟ್ಟ ಚಮಚ ತೂಗುಸೇತುವೆ. ಉಪ್ಪಿನ ಬಟ್ಟಲು ಕೋಟೆ. ಸಾಸಿವೆಯ ಡಬ್ಬಿ ಹಳೇ ಜೈಲು. ಸೇತುವೆ ದಾಟಿ ಬಾ, ಬಲಕ್ಕೆ ಏರಿದರೆ ಕೋಟೆ, ಎಡಕ್ಕೆ ತಿರುಗುವ ಮೂಲೆಯಲ್ಲಿ ಜೈಲು, ಎಂದು ಹಿಂದೂಸ್ತಾನಿಯಲ್ಲಿ ಹೇಳುತ್ತ, ಕೊನೆಗೆ ಅಳುತ್ತ, ಅವರು ಹುಕ್ರಪ್ಪನನ್ನು ಊರೆಲ್ಲ ಸುತ್ತಿಸುತ್ತಿದ್ದರು. ಆದ್ದರಿಂದ ಹುಕ್ರಪ್ಪನಿಗೆ ಆ ಊರು ಬಾಯಿಪಾಠ. ಕೈಯಿಂದ ಒರೆಸಿ ಎತ್ತಿಟ್ಟ ಊರು ಅದು.

ಈ ಸಂಗತಿ ಗೊತ್ತಿದ್ದದ್ದು ಅವನ ಹೆಂಡತಿ ಸೇಸಮ್ಮನಿಗೆ ಮಾತ್ರ.

ಹುಕ್ರಪ್ಪ ಪರದೇಶ ನೋಡಿ ಬಂದವನೆಂಬ ಸುದ್ದಿ ಪಂಚಾಯತಿ ಅಧ್ಯಕ್ಷ ರುಕ್ಮಯ್ಯನ ಕಿವಿಗೆ ಬಿತ್ತು. ರುಕ್ಮಯ್ಯನಿಗೆ ಮೂಡಬಿದ್ರೆಯ ಮೇಲೆ ಒಂದು ಹಳೇ ಹೊಟ್ಟೆಯುರಿ. ಊರು ನೋಡುವ ಜನ ಮೋಟಾರು ಮಾಡಿಕೊಂಡು ಸಾವಿರ ಕಂಬದ ಬಸದಿಗೆ ಹೋಗುತ್ತಾರೆ. ಬಂಟ್ವಾಳದಲ್ಲಿ ಇಳಿಯುವುದು ಮೂತ್ರಕ್ಕೆ ಮಾತ್ರ. ಅದರ ಮೇಲೆ ಮೈಸೂರು ಕಡೆಯಿಂದ ಹೊಸತಾಗಿ ಬಂದ ಬ್ಲಾಕ್ ಆಫೀಸರರು, "ಗ್ರಾಮಸ್ಥರಿಗೆ ವಿದೇಶದ ನಗರಗಳ ಪರಿಚಯ ಆಗ್ಬೇಕು, ಅಲ್ಲಿನ ನೈರ್ಮಲ್ಯ ಗೊತ್ತಾಗ್ಬೇಕು" ಎಂದು ಒತ್ತಾಯ ಹಾಕುತ್ತಿದ್ದರು. ರುಕ್ಮಯ್ಯ ನೇರ ಚಾದಂಗಡಿಗೆ ಬಂದ.

"ಹುಕ್ರಪ್ಪ, ಬರುವ ಆದಿತ್ಯವಾರ ನಿನ್ನದೊಂದು ಭಾಷಣ. ಇನ್ವರ್ನೆಸ್ಸಿನ ಬಗ್ಗೆ."

"ನನಗೆ ಭಾಷಣ ಬರುವುದಿಲ್ಲ ಅಧ್ಯಕ್ಷರೇ," ಎಂದ ಹುಕ್ರಪ್ಪ. ಇಲ್ಲಿಗೆ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದ. ಆದರೆ ರುಕ್ಮಯ್ಯನ ಮುಖ ಬಾಡಿದ್ದು ನೋಡಿ ಅವನ ಮನಸ್ಸು ಕರಗಿತು. "ಬೇಕಾದರೆ ನಡೆದು ತೋರಿಸಬಹುದು. ಆ ಊರು ಸರಿಸುಮಾರು ನಮ್ಮ ಊರಿನ ಹಾಗೆಯೇ ಉಂಟು."

ರುಕ್ಮಯ್ಯ ಅವನನ್ನು ಅಪ್ಪಿಕೊಂಡ.

ರಾತ್ರಿಯ ಊಟ ಬಡಿಸುತ್ತ ಸೇಸಮ್ಮ ಕೇಳಿದಳು: "ಮೇಜಿನ ಮೇಲಿದ್ದದ್ದನ್ನು ಪೇಟೆಗೆ ಹಾಸ್ತೀರಾ? ತಲೆ ಸರಿ ಉಂಟಾ ನಿಮಗೆ?"

"ಊರಿಗೆ ಒಂದು ಒಳ್ಳೆಯದಾಗ್ತದೆ ಅಂತ."

"ಮಗಳ ಮದುವೆ ಹತ್ತಿರ ಬಂತು. ಅದು ಮುಗಿಯುವವರೆಗೆ ಬಾಯಿಗೆ ಬೀಗ ಹಾಕಿ ಕೂರಬಾರದಾ?"

ಮಗಳು ಪದ್ಮಾಕ್ಷಿಗೆ ಅದೇ ಪೇಟೆಯ ಅಕ್ಕಿ ವ್ಯಾಪಾರಿ ನೋಣಯ್ಯನ ಮಗ ದೂಮಪ್ಪನೊಡನೆ ಮದುವೆ ನಿಶ್ಚಯವಾಗಿತ್ತು. ದೂಮಪ್ಪ ಬೆಳ್ತಂಗಡಿ ಬಸ್ಸಿನ ಕಂಡಕ್ಟರು. ಪದ್ಮಾಕ್ಷಿ ಯಾವ ಬಸ್ಸಿಗೂ ಕೈ ತೋರಿಸದಿದ್ದರೂ ಅವನ ಬಸ್ಸು ಚಾದಂಗಡಿಯ ಎದುರು ನಿಲ್ಲುತ್ತಿತ್ತು. ಆದ್ದರಿಂದ ಈ ಸಂಬಂಧ ಎರಡೂ ಕಡೆಗೆ ಒಪ್ಪಿಗೆಯೆಂದು ತಿಳಿಯತಕ್ಕದ್ದು.

ಆದಿತ್ಯವಾರ ಕಡವಿನ ಹೊಯಿಗೆಯಲ್ಲಿ, ಮರಳ ದಂಡೆಯ ಮೇಲೆ, ಅರ್ಧ ಊರು ಸೇರಿತು. ಬ್ಲಾಕ್ ಆಫೀಸರರು ಬೂಟು ಹಾಕಿಕೊಂಡು ಬಂದರು. ಹನೀಫಾ ತನ್ನ ತಾಯಿ ಬೀಯಮ್ಮನನ್ನು ಕರೆತಂದಿದ್ದ. ಪರದೇಶ ನೋಡದೆ ಕಣ್ಣು ಮುಚ್ಚಬಾರದೆಂದು ಆಕೆಯ ಹಠ. ಹುಕ್ರಪ್ಪ ಕೋಲಿನಿಂದ ಹೊಯಿಗೆಯ ಮೇಲೆ ಎರಡು ಗೆರೆ ಎಳೆದ.

"ಇದು ತೂಗುಸೇತುವೆ. ಇದನ್ನು ದಾಟಿದರೆ ಇನ್ವರ್ನೆಸ್. ಸ್ವಲ್ಪ ಅಲುಗಾಡ್ತದೆ, ಜಾಗ್ರತೆ."

"ಅಲುಗಾಡ್ತದಾ? ಹಾಗಾದ್ರೆ ನಾನಿಲ್ಲ!" ಎಂದು ಬೀಯಮ್ಮ ಅಲ್ಲಿಯೇ ಕುಕ್ಕರಿಸಿದಳು.

"ಉಮ್ಮ, ಅದು ಬರೇ ಗೆರೆ," ಎಂದ ಹನೀಫಾ.

"ಗೆರೆಯಾದ್ರೆ ನೀನು ಯಾಕೆ ಮುಂಡು ಎತ್ತಿ ಹಿಡಿದಿದ್ದೀ?"

ಹನೀಫಾ ನೋಡಿಕೊಂಡ. ನಿಜವಾಗಿ ಎತ್ತಿ ಹಿಡಿದಿದ್ದ. ಅವನೊಬ್ಬನೇ ಅಲ್ಲ, ಗೆರೆಯ ಮೇಲಿದ್ದ ಎಲ್ಲರೂ. ಬ್ಲಾಕ್ ಆಫೀಸರರು ಸೇತುವೆಯ ತಲೆಯಲ್ಲಿ ನಿಂತು, "ಒಬ್ಬೊಬ್ರಾಗಿ ಬನ್ನಿ! ಭಾರ ಜಾಸ್ತಿ ಆಗುತ್ತೆ!" ಎಂದು ಕೂಗತೊಡಗಿದರು. ಸರಕಾರವೇ ಹೀಗೆಂದ ಮೇಲೆ ಉಳಿದವರೂ ಮೈ ಬಿಗಿಹಿಡಿದು ದಾಟಿದರು. ಬೀಯಮ್ಮನನ್ನು ಇಬ್ಬರು ಎತ್ತಿಕೊಂಡು ದಾಟಿಸಿದರು. ಅರ್ಧದಲ್ಲಿ ಆಕೆ ಕಣ್ಣು ಬಿಟ್ಟು ಕೆಳಗೆ ನೋಡಿ, "ಅಲ್ಲಾ, ಎಷ್ಟು ಆಳ!" ಎಂದಳು.

ಬಲಗಡೆಯ ದಿಣ್ಣೆಯ ಮೇಲೆ ಹನೀಫಾನ ಕೊಬ್ಬರಿ ಗೋದಾಮು; ಕೆಂಪು ಮುರಕಲ್ಲಿನ ದೊಡ್ಡ ಕಟ್ಟಡ. ಹುಕ್ರಪ್ಪ ಕೈ ಎತ್ತಿದ. "ಇದು ಕೋಟೆ. ಅಲ್ಲಿಯೂ ಕೆಂಪು ಕಲ್ಲಿನದ್ದೇ."

ಹನೀಫಾ ತನ್ನ ಗೋದಾಮನ್ನು ಹೊಸತಾಗಿ ನೋಡಿದ. ಅವನ ಎದೆ ಎರಡು ಅಂಗುಲ ಮುಂದೆ ಬಂತು. "ನೋಡುವವರೆಲ್ಲ ಚಪ್ಪಲಿ ಹೊರಗೆ ಬಿಟ್ಟು ನೋಡಿ," ಎಂದ.

"ಕೋಟೆಯ ಚರಂಡಿ ಯಾವ ಕಡೆ ಹರಿಯುತ್ತೆ?" ಎಂದು ಕೇಳಿದರು ಆಫೀಸರರು.

ಹುಕ್ರಪ್ಪ ಬೆವತ. ಉಪ್ಪಿನ ಬಟ್ಟಲಿಗೆ ಚರಂಡಿ ಇರಲಿಲ್ಲ. "ಅಲ್ಲಿಯ ಚರಂಡಿ ಕಣ್ಣಿಗೆ ಕಾಣುವುದಿಲ್ಲ ಸರ್," ಎಂದ.

"ಭೂಗತ! ಕೇಳಿಸ್ಕೊಂಡ್ರಾ? ಭೂಗತ ಚರಂಡಿ!" ಎಂದು ಆಫೀಸರರು ಜನರ ಕಡೆ ತಿರುಗಿ ಚಪ್ಪಾಳೆ ತಟ್ಟಿಸಿದರು.

ಈ ಚಪ್ಪಾಳೆಯೇ ಹುಕ್ರಪ್ಪನನ್ನು ಕೆಡಿಸಿದ್ದು. ಅವನ ಕಾಲಿಗೆ ವೇಗ ಬಂತು, ನಾಲಿಗೆಗೆ ಅದಕ್ಕಿಂತ ಹೆಚ್ಚು ಬಂತು. ಎಡಕ್ಕೆ ತಿರುಗುವ ಮೂಲೆಯಲ್ಲಿ ನೋಣಯ್ಯನ ಉಪ್ಪರಿಗೆ ಮನೆ. ಆ ದಿನಕ್ಕೆಂದೇ ನೋಣಯ್ಯ ಸುಣ್ಣ ಹೊಡೆಸಿದ್ದ. ಹನೀಫಾನದ್ದು ಕೋಟೆಯಾದರೆ ತನ್ನದು ಅರಮನೆಗೆ ಕಡಿಮೆಯಾಗದು ಎಂಬ ಭರವಸೆಯಿಂದ, ಬೀಗ ಬರುತ್ತಾನೆಂಬ ಸಂತೋಷದಿಂದ, ಬೆಲ್ಲ ನೀರಿನ ತಟ್ಟೆ ಹಿಡಿದು ಜಗಲಿಯಲ್ಲಿ ನಿಂತಿದ್ದ. ಹುಕ್ರಪ್ಪನ ಕಣ್ಣಿಗೆ ನೋಣಯ್ಯ ಕಾಣಲಿಲ್ಲ. ಸಾಸಿವೆಯ ಡಬ್ಬಿ ಕಂಡಿತು.

"ಇದು ಹಳೇ ಜೈಲು!"

ಯಾರೋ ಕಿಸಕ್ಕೆಂದರು. ಬೆಲ್ಲದ ತಟ್ಟೆ ಒಳಗೆ ಹೋಯಿತು. ನೋಣಯ್ಯ ಬರಿಗೈಯಲ್ಲಿ ಹೊರಗೆ ಬಂದ.

"ಎಂತ ಹೇಳಿದೆ?"

"ಜೈಲು ಅಂದ್ರೆ... ಹಳೇ ಜೈಲು ನೋಣಯ್ಯಣ್ಣ. ತುಂಬ ಹಳೇದು."

"ಹನೀಫಾನ ಕೊಬ್ಬರಿಗೆ ಕೋಟೆ, ನನ್ನ ಉಪ್ಪರಿಗೆಗೆ ಜೈಲು! ಆಯ್ತು ಮಾರಾಯ. ತಂದೆಯಾದವನು ಮಗಳನ್ನು ಜೈಲಿಗೆ ಕಳಿಸ್ಬಾರದು. ಇಟ್ಟುಕೋ ನಿನ್ನ ಮಗಳನ್ನು."

ಬಾಗಿಲು ಮುಚ್ಚಿತು. ಆಫೀಸರರು ಮುಚ್ಚಿದ ಬಾಗಿಲನ್ನು ನೋಡಿ, "ಜೈಲಿನ ಚರಂಡಿ?" ಎಂದರು.

ಮರುದಿನವೇ ಹುಕ್ರಪ್ಪ ನೋಣಯ್ಯನ ಅಂಗಡಿಗೆ ಓಡಿದ. "ನನಗೆ ತಪ್ಪಿತು. ಜೈಲು ಇರುವುದು ನಿಮ್ಮ ಮನೆಯಲ್ಲಲ್ಲ, ಇನ್ನೂ ನಾಲ್ಕು ಮನೆ ಆಚೆ," ಎಂದ. ನಾಲ್ಕು ಮನೆ ಆಚೆ ಇದ್ದದ್ದು ಪಂಚಾಯತಿ ಅಧ್ಯಕ್ಷ ರುಕ್ಮಯ್ಯನ ಮನೆ. ಮಧ್ಯಾಹ್ನದೊಳಗೆ ರುಕ್ಮಯ್ಯ ಚಾದಂಗಡಿಗೆ ಬಂದು, "ನಿನ್ನ ಲೈಸನ್ಸು ಯಾರ ಕೈಯಲ್ಲಿ ಉಂಟು ಅಂತ ಗೊತ್ತುಂಟಾ?" ಎಂದಷ್ಟೇ ಕೇಳಿ ಹೋದ. ಹುಕ್ರಪ್ಪ ಜೈಲನ್ನು ಅಲ್ಲಿಂದ ಎಬ್ಬಿಸಿ ಕಡವಿಗೆ ಹಾಕಿದ. ದೋಣಿಯವರು ಜಗಳಕ್ಕೆ ಬಂದರು. ಜೈಲಿನಿಂದ ದೋಣಿ ಹತ್ತಿದರೆ ಜನ ಏನೆನ್ನಬೇಕು? ಜೈಲು ಪೇಟೆಯೆಲ್ಲ ಅಲೆಯಿತು. ಯಾರ ಮನೆಯ ಎದುರು ಹುಕ್ರಪ್ಪ ಒಂದು ಗಳಿಗೆ ನಿಂತರೂ ಒಳಗಿನಿಂದ, "ಇಲ್ಲಿ ಬೇಡ, ಮುಂದೆ ಹೋಗಿ!" ಎಂದು ಕೂಗುತ್ತಿದ್ದರು.

ಇತ್ತ ಹನೀಫಾ ಕೊಬ್ಬರಿ ತೂಗುವುದನ್ನು ಬಿಟ್ಟು ದಿಣ್ಣೆಯ ಮೇಲೆ ಕುರ್ಚಿ ಹಾಕಿ ಕೂರಲು ಶುರುಮಾಡಿದ್ದ. ಗಿರಾಕಿಗಳು ಬಂದರೆ, "ಕೋಟೆಯೊಳಗೆ ಮೆಲ್ಲ ಮಾತಾಡಿ," ಎನ್ನುತ್ತಿದ್ದ.

ಕೊನೆಗೆ ಹುಕ್ರಪ್ಪ ಮಹಾತ್ಯಾಗ ಮಾಡಿದ. ಜೈಲು ತನ್ನ ಚಾದಂಗಡಿಯಲ್ಲಿಯೇ ಇತ್ತು ಎಂದು ಸಾರಿದ. ಇದರಿಂದ ಎರಡು ಫಲ ಸಿಕ್ಕಿದವು. ಜೈಲಿನ ಚಾ ಕುಡಿಯಲು ಯಾರೂ ಬರಲಿಲ್ಲ. ನೋಣಯ್ಯನೂ ಕರಗಲಿಲ್ಲ. "ಒಮ್ಮೆ ಜೈಲಾದ ಮನೆ ಜೈಲೇ," ಎಂದು ಬಿಟ್ಟ. "ಊರಿನವರು ನನ್ನನ್ನು ಜೈಲಿನ ನೋಣಯ್ಯ ಅಂತ ಕರೀತಾರೆ. ಪೊಳಲಿಯಿಂದ ಒಂದು ಸಂಬಂಧ ಬಂದುಂಟು, ಮಗನಿಗೆ ಅದನ್ನೇ ಮಾಡ್ತೇನೆ."

ಪದ್ಮಾಕ್ಷಿ ಅಳಲಿಲ್ಲ. ಗಿರಾಕಿಗಳಿಲ್ಲದ ಬೆಂಚನ್ನು ಒರೆಸುತ್ತ ಹೇಳಿದಳು: "ಅಪ್ಪ, ನೀವು ಆ ಊರಿಗೆ ಹೋಗಿಯೇ ಇಲ್ಲ ಅಂತ ಹೇಳಿಬಿಡಿ. ಅಮ್ಮ ನನಗೆ ಹೇಳಿದ್ದಾರೆ."

"ಈಗ ಹೇಳಿದ್ರೆ ಕೊಲ್ತಾರೆ ಮಗ."

"ಈಗ ಎಂತ ಬದುಕಿದ್ದೀರಾ?"

ಅತ್ತ ದೂಮಪ್ಪನೂ ಸುಮ್ಮನಿರಲಿಲ್ಲ. ಬೆಳ್ತಂಗಡಿ ದಾರಿಯ ಒಂದು ಸಣ್ಣ ದವಾಖಾನೆಯಲ್ಲಿ ಫ್ರೇಜರ್ ಎಂಬ ಬಿಳಿ ಡಾಕ್ಟರಮ್ಮ ಇದ್ದಳು. ತಲೆ ನರೆತಿತ್ತು, ಕಾಲು ಗಟ್ಟಿಯಿತ್ತು. ಕ್ರೈಸ್ತರ ಧರ್ಮಪುಸ್ತಕ ಓದಿ ಕಲಿತ ಕನ್ನಡ ಅವಳದು. ಅವನ ಬಸ್ಸಿನಲ್ಲಿ ಓಡಾಡುವವಳು. ಒಂದು ದಿನ ದೂಮಪ್ಪ ಟಿಕೇಟು ಹರಿಯುತ್ತ ದುಃಖ ತಡೆಯದೆ ಇನ್ವರ್ನೆಸ್ಸನ್ನು ಬೈದುಕೊಂಡ. ಡಾಕ್ಟರಮ್ಮ ಥಟ್ಟನೆ ತಲೆಯೆತ್ತಿದಳು.

"ಎಲೈ ತಮ್ಮಾ, ನೀನು ಯಾವ ಪಟ್ಟಣವನ್ನು ಶಪಿಸುತ್ತಿದ್ದೀ? ನಾನು ಅಲ್ಲಿ ಹುಟ್ಟಿದವಳಾಗಿದ್ದೇನೆ."

ದೂಮಪ್ಪ ಸೀಟಿ ಊದಲು ಮರೆತ. ಬಸ್ಸು ಎರಡು ನಿಲ್ದಾಣಗಳನ್ನು ನಿಲ್ಲದೆ ದಾಟಿತು. ಅಷ್ಟರಲ್ಲಿ ಅವನು ಅವಳಿಗೆ ಎಲ್ಲ ಕಥೆಯನ್ನೂ ಹೇಳಿ ಮುಗಿಸಿದ್ದ. ಬಂದು ನ್ಯಾಯ ತೀರಿಸಲು ಅವಳು ಒಪ್ಪಿದ್ದಳು.

ಬರುವ ಆದಿತ್ಯವಾರ ಖಾಸ ಇನ್ವರ್ನೆಸ್ಸಿನವರೇ ಬರುತ್ತಾರೆಂದು ಪೇಟೆಯಲ್ಲಿ ಸುದ್ದಿಯಾಯಿತು. ಎಲ್ಲರಿಗೂ ಸಂತೋಷ. ಹುಕ್ರಪ್ಪನಿಗೆ ಮಾತ್ರ ಚಳಿಜ್ವರ. ಆ ದಿನ ಜನ ಹುಡುಕಿಕೊಂಡು ಬಂದಾಗ ಅವನು ಸೌದೆ ಕೊಟ್ಟಿಗೆಯಲ್ಲಿ ಗೋಣಿ ಹೊದ್ದು ಕೂತಿದ್ದ. ಸೇಸಮ್ಮ ಗೋಣಿಯನ್ನು ಎಳೆದಳು.

"ಏಳಿ. ಹಾಸಿದ ಊರನ್ನು ನೀವೇ ಮಡಚಿ."

ಹೊಯಿಗೆಯ ಮೇಲೆ ಮತ್ತೆ ಎರಡು ಗೆರೆ. ಡಾಕ್ಟರಮ್ಮ ಅದನ್ನು ನೋಡಿದಳು, ಎದುರಿನ ದಿಣ್ಣೆಯನ್ನು ನೋಡಿದಳು, ಹೊಳೆಯನ್ನು ನೋಡಿದಳು. ಆಮೇಲೆ ಲಂಗವನ್ನು ತುಸು ಎತ್ತಿ ಹಿಡಿದು ಮೈ ತೂಗಿಸುತ್ತ ಗೆರೆಗಳ ನಡುವೆ ನಡೆದಳು.

"ಇದು ಬಹಳವಾಗಿ ಅಲುಗಾಡುತ್ತದೆ," ಎಂದಳು.

"ನಾನು ಹೇಳಲಿಲ್ವಾ!" ಎಂದಳು ಬೀಯಮ್ಮ.

ಹುಕ್ರಪ್ಪ ಜನರ ಹಿಂದೆ ಸರಿದ. ಅವನ ಬದಲಿಗೆ ಇಡೀ ಊರೇ ಡಾಕ್ಟರಮ್ಮನಿಗೆ ದಾರಿ ತೋರಿಸಿತು. ಕೋಟೆಯ ಎದುರು ಹನೀಫಾ ಸಲಾಮು ಹೊಡೆದು ನಿಂತ. ಅವಳು ತಲೆಯಾಡಿಸಿದಳು. "ಹೌದು. ಕೋಟೆ ಇಲ್ಲಿಯೇ. ಅದರೊಳಗೆ ಈಗ ನ್ಯಾಯಾಲಯವಿರುವುದು."

"ಕೋರ್ಟಾ!" ಎಂದು ಹನೀಫಾ ಊರಿನ ಕಡೆ ತಿರುಗಿದ. "ಕೇಳಿದ್ರಲ್ಲ? ಇನ್ನು ನಿಮ್ಮ ತಕರಾರೆಲ್ಲ ನನ್ನ ಬಾಗಿಲಿಗೇ ತರ್ಬೇಕು."

ಸ್ವಲ್ಪ ಮುಂದೆ ಪೇಟೆಯ ಬಾವಿಕಟ್ಟೆ. ಅದರ ಪಕ್ಕದಲ್ಲಿ ಹೆಂಗಸರು ತುಂಬಿದ ಕೊಡಪಾನ ಇಳಿಸಿ ಉಸಿರು ಬಿಡುವ ಒಂದು ಚಪ್ಪಟೆ ಕಲ್ಲು. ಡಾಕ್ಟರಮ್ಮ ಅಲ್ಲಿ ನಿಂತುಬಿಟ್ಟಳು. "ಇದನ್ನು ನಿಮಗೆ ಯಾರು ಹೇಳಿದರು?" ಎಂದು ಕೇಳಿದಳು. ಯಾರೂ ಹೇಳಿರಲಿಲ್ಲ. ಅದು ಮೊದಲಿನಿಂದಲೂ ಅಲ್ಲಿಯೇ ಇತ್ತು. "ನಮ್ಮಲ್ಲಿಯೂ ಇಂಥದ್ದೇ ಒಂದು ಕಲ್ಲು ಇರುವುದು. ಹೊಳೆಯಿಂದ ನೀರು ಹೊತ್ತು ತರುವ ಸ್ತ್ರೀಯರು ಅದರ ಮೇಲೆ ಮರಿಗೆ ಇಳಿಸಿ ಊರಿನ ಸುದ್ದಿ ಮಾತಾಡುತ್ತಿದ್ದರು. ನನ್ನ ಅಜ್ಜಿಯೂ." ಅವಳು ಅದರ ಮೇಲೆ ಕುಳಿತಳು. ಏಳಲಿಲ್ಲ. ನೀರಿಗೆ ಬಂದಿದ್ದ ಹೆಂಗಸೊಬ್ಬಳು ಕೊಡಪಾನವನ್ನು ಸೊಂಟದಲ್ಲಿಯೇ ಇಟ್ಟುಕೊಂಡು ಕಾದಳು. ಬ್ಲಾಕ್ ಆಫೀಸರರು ಸಹ ಆ ಹೊತ್ತು ಚರಂಡಿಯ ವಿಷಯ ಎತ್ತಲಿಲ್ಲ ಎಂಬುದನ್ನು ಸರಕಾರದ ಪರವಾಗಿ ಇಲ್ಲಿ ಹೇಳಲೇಬೇಕು.

ಕೊನೆಗೆ ರುಕ್ಮಯ್ಯ ಕೆಮ್ಮಿದ. "ಅಮ್ಮಾ, ಜೈಲಿನದ್ದೊಂದು ತೀರ್ಮಾನ ಆಗ್ಬೇಕಿತ್ತು."

ಡಾಕ್ಟರಮ್ಮ ಕಣ್ಣೊರೆಸಿಕೊಂಡು ಎದ್ದಳು. ಮೂಲೆಗೆ ಬಂದು ಸುತ್ತ ನೋಡಿ, ಯಾವ ಸಂದೇಹವೂ ಇಲ್ಲದೆ ನೋಣಯ್ಯನ ಮನೆಗೆ ಬೆರಳು ಮಾಡಿದಳು.

"ಅದೇ."

ಉಪ್ಪರಿಗೆಯ ಕಿಟಕಿಯಿಂದ ನೋಣಯ್ಯ ತಲೆ ಹೊರಗೆ ಹಾಕಿದ. "ಆಯ್ತಲ್ಲ! ಈಗ ಬಿಳಿಯರೂ ಹೇಳಿದ್ರು!"

"ಆದರೆ ಸ್ವಾಮೀ," ಎಂದಳು ಡಾಕ್ಟರಮ್ಮ, ಮೇಲೆ ನೋಡುತ್ತ, "ಕೈದಿಗಳು ಹೋಗಿ ಬಹಳ ಕಾಲವಾಯಿತು. ಈಗ ಅಲ್ಲಿ ಇರುವುದು ಗೋಪುರ ಮಾತ್ರ. ಆಕಾಶದಷ್ಟು ಎತ್ತರ. ಅದರ ಗಡಿಯಾರವನ್ನು ನೋಡಿಯೇ ಇಡೀ ಪಟ್ಟಣವು ಏಳುವುದು, ಉಣ್ಣುವುದು, ಅಂಗಡಿ ತೆರೆಯುವುದು. ದಾರಿ ತಪ್ಪಿದವರು ಅದನ್ನೇ ನೋಡಿ ಮನೆ ಸೇರುವರು."

ನೋಣಯ್ಯನ ತಲೆ ಕಿಟಕಿಯಲ್ಲಿಯೇ ನಿಂತಿತು. "ಎಷ್ಟು ಎತ್ತರ? ಹನೀಫಾನ ಕೋಟೆಯಿಂದ?"

"ಅದಕ್ಕಿಂತಲೂ ಎತ್ತರವಾಗಿಯೇ ಕಾಣುವುದು."

ಮೆಟ್ಟಿಲಿನಲ್ಲಿ ಧಡಧಡ ಶಬ್ದ ಕೇಳಿತು. ಬಾಗಿಲು ತೆರೆಯಿತು. ಬೆಲ್ಲ ನೀರಿನ ತಟ್ಟೆ ಹೊರಗೆ ಬಂತು. "ಬೀಗರೇ," ಎಂದು ನೋಣಯ್ಯ ಹುಕ್ರಪ್ಪನ ಕೈ ಹಿಡಿದ, "ಗಡಿಯಾರದ ವಿಷಯ ಮೊದಲೇ ಹೇಳ್ಬಾರದಾ ಮಾರಾಯ್ರೆ?"

ಇಲ್ಲಿಗೆ ಎಲ್ಲವೂ ಸುಖವಾಗಿ ಮುಗಿಯಬೇಕಿತ್ತು. ಆದರೆ ಹುಕ್ರಪ್ಪನ ಹೊಟ್ಟೆಯೊಳಗೆ ಇಷ್ಟು ದಿನ ಸಮಯ ಸಿಗದೆ ಕೂತಿದ್ದ ಸತ್ಯಕ್ಕೆ ಆಗಲೇ ಸಮಯ ಸಿಕ್ಕಿತು. ಬಾಗಿಲಲ್ಲಿ ನಿಂತಿದ್ದ ದೂಮಪ್ಪನನ್ನು, ಜನರ ನಡುವೆ ತಲೆ ತಗ್ಗಿಸಿದ್ದ ಮಗಳನ್ನು ನೋಡಿ ಅವನ ಕಣ್ಣು ತುಂಬಿ ಬಂತು. ಇಂಥ ಒಳ್ಳೆಯವರಿಗೆ ಮೋಸ ಮಾಡುವುದೇ?

"ನಾನು ಹೋಗಿಯೇ ಇಲ್ಲ!" ಎಂದು ಕಿರುಚಿದ. "ಇನ್ವರ್ನೆಸ್ಸಿಗೆ ನಾನು ಹೋಗಿಯೇ ಇಲ್ಲ! ಬೊಂಬಾಯಿಯಲ್ಲಿ ಸಾಹೇಬರ ಮೇಜಿನ ಮೇಲೆ ನೋಡಿದ್ದು! ಕೋಟೆ ಅಂದ್ರೆ ಉಪ್ಪಿನ ಬಟ್ಟಲು! ಗಡಿಯಾರ ಅಂದ್ರೆ ಸಾಸಿವೆ ಡಬ್ಬಿ!"

ಡಾಕ್ಟರಮ್ಮ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಅವಳ ಭುಜಗಳು ಕುಣಿಯುತ್ತಿದ್ದವು. ಮೊದಲು ಸಿಟ್ಟಾದವನು ಹನೀಫಾ.

"ಎಂತ ಉಪ್ಪಿನ ಬಟ್ಟಲು? ನಿಮಗೆ ಬೇಕಾದಾಗ ಹೋಗುವುದು, ಬೇಡವಾದಾಗ ಹೋಗದೆ ಇರುವುದಾ? ನನ್ನ ಕೋಟೆ ಏನಾಗ್ಬೇಕು?"

"ಗೋಪುರ ಬಂದು ಒಂದು ಗಳಿಗೆ ಆಗಲಿಲ್ಲ," ಎಂದ ನೋಣಯ್ಯ, ತಟ್ಟೆಯನ್ನು ಎದೆಗವಚಿಕೊಂಡು. "ನನಗೆ ಪುನಃ ಅಕ್ಕಿ ವ್ಯಾಪಾರಿ ಆಗ್ಲಿಕ್ಕೆ ಸಾಧ್ಯ ಇಲ್ಲ."

"ಸೇತುವೆ ದಾಟಿದವಳು ನಾನು!" ಎಂದಳು ಬೀಯಮ್ಮ. "ಆ ಆಳ ನಾನೇ ನೋಡಿದ್ದೇನೆ. ಇವನು ಈಗ ಇಲ್ಲ ಅಂತಾನೆ!"

ಬ್ಲಾಕ್ ಆಫೀಸರರು ಮುಂದೆ ಬಂದು, ಭೂಗತ ಚರಂಡಿಯ ವಿಚಾರ ತಾವು ಆಗಲೇ ಮೇಲಕ್ಕೆ ತಿಳಿಸಿಯಾಗಿದೆ, ಇನ್ನು ಸರಕಾರದ ಮಟ್ಟದಲ್ಲಿ ಹಿಂದೆ ಹೋಗುವ ಹಾಗಿಲ್ಲ ಎಂದರು. ರುಕ್ಮಯ್ಯ ಎರಡೂ ಕೈ ಎತ್ತಿ ಗದ್ದಲ ನಿಲ್ಲಿಸಿ, ನೋಣಯ್ಯನ ಜಗಲಿಯ ಮೇಲೆ ಹತ್ತಿ ನಿಂತ.

"ಪಂಚಾಯತಿಯವರೆಲ್ಲ ಇಲ್ಲಿಯೇ ಇದ್ದಾರೆ, ಊರೂ ಉಂಟು. ಈಗಲೇ ಇತ್ಯರ್ಥ ಮಾಡುವ. ನಿರ್ಣಯ ಇಷ್ಟೇ: ಹುಕ್ರಪ್ಪ ಇನ್ವರ್ನೆಸ್ಸಿಗೆ ಹೋಗಿ ಬಂದಿದ್ದಾನೆ. ಪರವಾಗಿದ್ದವರು ಕೈ ಎತ್ತಿ."

ಕೈಗಳು ಎದ್ದವು. ಹನೀಫಾ ಎರಡು ಕೈ ಎತ್ತಿದ. ಬೀಯಮ್ಮ ಎತ್ತಿದಳು. ನೋಣಯ್ಯ ತಟ್ಟೆಯನ್ನು ಮಗನಿಗೆ ಕೊಟ್ಟು ಎತ್ತಿದ. ದೂಮಪ್ಪ ತಟ್ಟೆಯ ಸಮೇತ ಎತ್ತಿದ. ಪದ್ಮಾಕ್ಷಿ ಅಪ್ಪನ ಮುಖ ನೋಡದೆ ಎತ್ತಿದಳು. ಮತದಾನದ ಹಕ್ಕು ಇಲ್ಲದ ಡಾಕ್ಟರಮ್ಮನೂ ಎತ್ತಿದಳು.

"ವಿರೋಧ ಇದ್ದವರು?"

ಒಂದೇ ಒಂದು ಕೈ ಮೇಲೆದ್ದಿತು. ಆ ಕೈ ಹುಕ್ರಪ್ಪನದು. ಪಕ್ಕದಲ್ಲಿದ್ದ ಸೇಸಮ್ಮ ಅದನ್ನು ಹಿಡಿದು ಕೆಳಗಿಳಿಸಿದಳು.

ನಿರ್ಣಯವು ಸರ್ವಾನುಮತದಿಂದ ಅಂಗೀಕಾರವಾಯಿತು.